ಐರ್ಲೆಂಡಿನಲ್ಲಿ ನಾನು ಅರಳಿಸಿದ ಕಮಲ

ಅಕ್ಟೋಬರ್ ಹತ್ತಿರ ಬಂತೆಂದರೆ ನನಗೆ ಕೈಕಾಲು ನಿಲ್ಲುವುದಿಲ್ಲ. ವಯಸ್ಸು ನಲವತ್ತೈದು, ತಲೆಯ ಮೇಲೆ ಕೂದಲಿಗಿಂತ ಖಾಲಿ ಜಾಗವೇ ಹೆಚ್ಚು. ಆದರೂ ಫೋನಿನ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ ಕಂಡದ್ದೇ ತಡ, ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಲು ಏಣಿ ಹುಡುಕುತ್ತೇನೆ. ನನ್ನ ಹೆಂಡತಿ ವಾಣಿ, "ಇನ್ನೂ ಪಿತೃಪಕ್ಷ ಕಣ್ರೀ" ಎಂದು ಏಣಿ ಕಿತ್ತುಕೊಂಡು ಹೋಗುತ್ತಾಳೆ. ಡಬ್ಲಿನ್ನಿನ ಲೆಪರ್ಡ್ಸ್‌ಟೌನಿನಲ್ಲಿ ಪಿತೃಪಕ್ಷವನ್ನು ಜ್ಞಾಪಿಸುವವರು ಅವಳೊಬ್ಬಳೇ ಇರಬೇಕು.

ಈ ಸಡಗರಕ್ಕೆ ಕಾರಣ ಗೊಂಬೆಗಳಷ್ಟೇ ಅಲ್ಲ, ಪದ್ಯ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ವಿಜಯದಶಮಿಯ ದಿನ ಪ್ರತಿಯೊಬ್ಬರೂ ಆ ವರ್ಷದ ಶರದೃತುವಿನ ಮೇಲೆ ನಾಲ್ಕು ಸಾಲು ಕಟ್ಟಿ ಗೊಂಬೆಗಳ ಮುಂದೆ ಓದಬೇಕು. ಎಲ್ಲರದೂ ಮುಗಿದ ಮೇಲೆಯೇ ಊಟಕ್ಕೆ ಎಲೆ. ಓದಿದ್ದನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದಿಡುತ್ತಾರೆ. ಪುಸ್ತಕ ಇರುವುದು ಮೈಸೂರಿನಲ್ಲಿ, ನನ್ನ ದೊಡ್ಡಮ್ಮನ ಹತ್ತಿರ. ಮಕ್ಕಳಿಗೆ ಹತ್ತು ತುಂಬಿದ ವರ್ಷ ಅದರಲ್ಲಿ ಸ್ವಂತ ಪುಟ ಸಿಗುತ್ತದೆ, ಪುಟದ ಮೇಲೆ ಹೆಸರು ಬರುತ್ತದೆ. ನಮ್ಮಲ್ಲಿ ಮನುಷ್ಯರು ಹುಟ್ಟುವುದು ಎರಡು ಸಲ ಎಂದು ತಮಾಷೆ ಮಾಡುವುದುಂಟು.

ಛಂದಸ್ಸು ಬೇಡ, ಪ್ರಾಸ ಬೇಡ. ಇರುವುದು ಒಂದೇ ನಿಯಮ: ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು. ದೊಡ್ಡಮ್ಮ ಮೂವತ್ತು ವರ್ಷ ಟೀಚರಾಗಿದ್ದವರು, ಈ ವಿಷಯದಲ್ಲಿ ರಾಜಿಯೇ ಇಲ್ಲ. ಒಮ್ಮೆ ನಮ್ಮ ಚಿಕ್ಕಪ್ಪ ಪದ್ಯದಲ್ಲಿ ಕೋಗಿಲೆ ತಂದರು. "ದಸರೆಯಲ್ಲಿ ಕೋಗಿಲೆ ಎಲ್ಲಿ ಕೂಗ್ತಪ್ಪ?" ಎಂದು ಕೇಳಿ ಅವರನ್ನು ಹಿತ್ತಲಿಗೆ ಕಳಿಸಿಬಿಟ್ಟರು. ಪಾಪ, ಚಿಕ್ಕಪ್ಪ ಅರ್ಧ ಗಂಟೆ ಅಲ್ಲಿ ನಿಂತು, ಸೀಬೆ ಮರದ ಅಳಿಲಿನ ಮೇಲೆ ನಾಲ್ಕು ಸಾಲು ಬರೆದುಕೊಂಡು ಬಂದ ಮೇಲೆಯೇ ಸಾರು ಬಡಿಸಿದ್ದು.

ಇಷ್ಟೆಲ್ಲ ಹೇಳಿದ ಮೇಲೆ ತಪ್ಪೊಪ್ಪಿಗೆಗೆ ಬರಬೇಕು. ಐರ್ಲೆಂಡಿಗೆ ಬಂದು ಹದಿನಾಲ್ಕು ವರ್ಷವಾಯಿತು. ಈ ಹದಿನಾಲ್ಕು ವರ್ಷವೂ ನಾನು ಓದಿದ್ದು ಹೆಚ್ಚುಕಡಿಮೆ ಒಂದೇ ಪದ್ಯ. ನಿರ್ಮಲ ಗಗನ, ಹತ್ತಿಯಂಥ ಬಿಳಿ ಮುಗಿಲು, ತಿಳಿಗೊಳ, ಅರಳಿದ ಕಮಲ, ಮರಳಿ ಬಂದ ಹಂಸ. ಒಂದು ವರ್ಷ ಕಮಲ ಮೊದಲು, ಇನ್ನೊಂದು ವರ್ಷ ಹಂಸ ಮೊದಲು. ತಪ್ಪು ಪೂರ್ತಿ ನನ್ನದಲ್ಲ. ಮಹಾಕಾವ್ಯವೆಂದರೆ ಹದಿನೆಂಟು ವರ್ಣನೆ ಇರಬೇಕು, ಋತುವರ್ಣನೆ ಅದರಲ್ಲಿ ಒಂದು ಎಂದು ಹೇಳಿಕೊಟ್ಟ ಪೂರ್ವಿಕರು ಶರದೃತು ಬಂದೊಡನೆ ಮಳೆಯನ್ನು ನಿಲ್ಲಿಸಿಬಿಡುತ್ತಿದ್ದರು. ಇಲ್ಲಿ ಶರದೃತು ಬಂದರೆ ಮಳೆಗೆ ಉತ್ಸಾಹ ಬರುತ್ತದೆ. ಮೇಲಿಂದ ಕೆಳಗೆ ಸುರಿದು ಬೇಸರವಾಗಿ ಅಡ್ಡಡ್ಡ ಸುರಿಯುತ್ತದೆ. ಎಲೆ ಉದುರುವುದು ನಮ್ಮ ಲೆಕ್ಕದಲ್ಲಿ ಶಿಶಿರದ ಕೆಲಸ, ಇಲ್ಲಿ ಅದೂ ಈಗಲೇ. ಆದರೆ ನಾನು ತಲೆ ಎತ್ತಿ ನೋಡಿದ್ದರೆ ತಾನೇ? ಆಫೀಸು, ಟ್ರಾಮು, ಮನೆ, ಮೂರರಲ್ಲೂ ನನ್ನ ಕಣ್ಣು ಒಂದಲ್ಲ ಒಂದು ಪರದೆಯ ಮೇಲೆ. ಪರಿಣಾಮವಾಗಿ ಐರ್ಲೆಂಡಿನಲ್ಲಿ ಅಕ್ಟೋಬರಿಗೆ ಕಮಲ ಅರಳುತ್ತದೆ ಎಂದು ಮೈಸೂರಿನ ನಮ್ಮ ಇಡೀ ವಂಶ ನಂಬಿದೆ. ಬರುವಾಗ ಒಂದು ಗಡ್ಡೆ ತಗೊಂಡು ಬಾ ಎಂದು ತಂಗಿಯೊಬ್ಬಳು ಕೇಳಿಯೂ ಇದ್ದಾಳೆ.

ಈ ವರ್ಷ ನನ್ನ ಮಗಳು ಇಳಾಗೆ ಹತ್ತು ತುಂಬಿತು.

ಇಳಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ಇಂಗ್ಲಿಷಿನಲ್ಲಿ, ಅದೂ ಅಪ್ಪಟ ಡಬ್ಲಿನ್ ರಾಗದಲ್ಲಿ. ಪದ್ಯದ ಮಾತೆತ್ತಿದರೆ, "ಇಟ್ಸ್ ಗ್ರ್ಯಾಂಡ್ ಅಪ್ಪ, ನೆಕ್ಸ್ಟ್ ಇಯರ್" ಎಂದು ಜಾರಿಕೊಂಡಳು. ನೆಕ್ಸ್ಟ್ ಇಯರ್ ಎಂದರೆ ಏನೆಂದು ನನಗೆ ಗೊತ್ತಿಲ್ಲವೇ? ಜಿಮ್ ಸೇರುವ ವಿಷಯದಲ್ಲಿ ನಾನು ಹೇಳುವುದೂ ಅದನ್ನೇ. ಆ ಪುಸ್ತಕದಲ್ಲಿ ನನ್ನ ಮುತ್ತಜ್ಜಿಯ ಪುಟವಿದೆ, ಅಪ್ಪನದಿದೆ, ನನ್ನದಿದೆ. ನನ್ನದಾದ ಮೇಲೆ ನಮ್ಮ ಕವಲು ಅಲ್ಲಿಗೇ ನಿಂತುಹೋಗುತ್ತದೆ ಎನಿಸಿ ನಿಜಕ್ಕೂ ಹೆದರಿಕೆಯಾಯಿತು.

ಹೆದರಿದ ಅಪ್ಪ ಏನು ಮಾಡುತ್ತಾನೆ? ನಾನೇ ಒಂದು ಪದ್ಯ ಬರೆದು, ಇಂಗ್ಲಿಷ್ ಅಕ್ಷರದಲ್ಲಿ ಚೀಟಿ ಮಾಡಿ, ಬಾಯಿಪಾಠ ಮಾಡಮ್ಮ ಎಂದು ಕೊಟ್ಟೆ. ಏನು ಬರೆದಿದ್ದೆ ಎಂದು ನೀವು ಊಹಿಸಿರುತ್ತೀರಿ. ಇಳಾ ಓದಿ, ಈ ಕಮಲ ಎಲ್ಲಿದೆ ಎಂದು ಕೇಳಿದಳು. ಕಾವ್ಯದಲ್ಲಿ ಎಂದೆ. ನಂಬಿದ ಹಾಗೆ ಕಾಣಲಿಲ್ಲ, ಆದರೂ ಎರಡು ಸಾಲು ಕಲಿತಳು.

ಅಷ್ಟರಲ್ಲಿ ಸರಸ್ವತಿ ಪೂಜೆ ಬಂತು. ವಾಣಿ ಮನೆಯಲ್ಲಿದ್ದ ಪುಸ್ತಕವನ್ನೆಲ್ಲ ಭಕ್ತಿಯಿಂದ ಬಾಚಿ ಪೀಠದ ಮೇಲೆ ಪೇರಿಸಿದಳು. ಬಾಚುವಾಗ ಆ ಚೀಟಿಯೂ ಹೋಯಿತು. ಪೂಜೆಗಿಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ, ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ಶಾಲೆಯ ಬ್ಯಾಗಿಗೂ ನನ್ನ ಲ್ಯಾಪ್‌ಟಾಪಿಗೂ ಮಾತ್ರ ವಿನಾಯಿತಿ. ಒಂದೇ ಒಂದು ಚೀಟಿ, ಮೆಲ್ಲಗೆ ಎಳೆದುಕೊಳ್ಳುತ್ತೇನೆ ಎಂದೆ. ಸರಸ್ವತಿಗೆ ಕೊಟ್ಟದ್ದನ್ನು ಕದಿಯುತ್ತೀರಾ ಎಂದು ಅವಳು ನೋಡಿದ ನೋಟಕ್ಕೆ ತೆಪ್ಪಗಾದೆ. ಹೋಗಲಿ, ಬರೆದವನು ನಾನೇ, ಬಾಯಲ್ಲೇ ಹೇಳಿಕೊಡೋಣ ಎಂದು ಕೂತರೆ ಮೂರನೆಯ ಸಾಲು ನನಗೇ ನೆನಪಿಲ್ಲ! ಕಂಡದ್ದಾಗಿದ್ದರೆ ನೆನಪಿರುತ್ತಿತ್ತು. ಪರವಾಗಿಲ್ಲ ಬಿಡು ಎಂಬಂತೆ ಇಳಾ ನನ್ನ ಬೆನ್ನು ತಟ್ಟಿ ಹೋದಳು.

ವಿಜಯದಶಮಿ ಬೆಳಿಗ್ಗೆ ಏಳೂವರೆ, ಮೈಸೂರಿನಲ್ಲಿ ಮಧ್ಯಾಹ್ನ ಹನ್ನೆರಡು. ವಿಡಿಯೋ ಕಾಲಿನಲ್ಲಿ ನಡುಮನೆ ತುಂಬ ಜನ, ಎಲ್ಲರ ಮುಖದಲ್ಲೂ ಹಸಿವು. ಅವರ ಪದ್ಯಗಳೆಲ್ಲ ಮುಗಿದು ಉಳಿದದ್ದು ಐರ್ಲೆಂಡ್ ಶಾಖೆ. ಇಳಾ ಶಾಲೆಯ ಯೂನಿಫಾರ್ಮಿನಲ್ಲೇ ಗೊಂಬೆಗಳ ಮುಂದೆ ನಿಂತು, ಒಂದೊಂದು ಪದವನ್ನೂ ಹುಡುಕಿ ಹುಡುಕಿ ಹೇಳಿದಳು:

ಎಲೆ ಬಿತ್ತು, ಮಳೆ ಅಡ್ಡಡ್ಡ ಬಂತು,
ನನ್ನ ಛತ್ರಿ ಉಲ್ಟಾ ಆಯ್ತು.
ರಾಜಾ ರಾಣಿ ಗೊಂಬೆಗೆ ಸ್ವೆಟರ್ ಇಲ್ಲ,
ನಾನು ನನ್ನ ಸಾಕ್ಸ್ ಕೊಟ್ಟೆ.

ಕಮಲ ಇಲ್ಲ! ಹಂಸ ಇಲ್ಲ! ವಾಣಿ ದಡಬಡಿಸಿ ಪಟ್ಟದ ಗೊಂಬೆಗಳ ಜರಿ ವಸ್ತ್ರ ಎತ್ತಿ ನೋಡಿದಳು. ಹೌದು, ಸಾಕ್ಷಾತ್ ರಾಜನಿಗೊಂದು ರಾಣಿಗೊಂದು, ಬೂದು ಬಣ್ಣದ ಕಾಲುಚೀಲ. ನಮ್ಮಜ್ಜಿ ಮಡಿಯಲ್ಲಿ ಮುಟ್ಟುತ್ತಿದ್ದ ಗೊಂಬೆಗಳು ಅವು. ಮೈಸೂರು ಉಸಿರು ಬಿಗಿಹಿಡಿಯಿತು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಂದರು.

"ಒಗೆದದ್ದಾ ಪುಟ್ಟಿ?"

"ಕ್ಲೀನ್ ಅಜ್ಜಿ. ನ್ಯೂ."

"ಸರಿ. ಬರೀರೋ ಪುಸ್ತಕದಲ್ಲಿ. ಮೇಲೆ ಹೆಸರು ಹಾಕಿ, ಇಳಾ."

ನನಗೆ ಕುಣಿಯಬೇಕೆನಿಸಿತು, ಕುಣಿದೆನೋ ಏನೋ, ಉಸ್ಲಿಯ ತಟ್ಟೆ ಕಾಲಿಗೆ ತಗುಲಿ ಕಡಲೆಕಾಳು ಮನೆಯೆಲ್ಲ ಉರುಳಿತು. ಆ ಹುಮ್ಮಸ್ಸಿನಲ್ಲೇ ನನ್ನ ಸರದಿ ಎಂದು ಎದೆ ಸೆಟೆಸಿ "ನಿರ್ಮಲ ಗಗನದಿ" ಎಂದು ಶುರುಮಾಡಿದೆ. ಇಳಾ ಸುಮ್ಮನೆ ಫೋನನ್ನು ಕಿಟಕಿಗೆ ತಿರುಗಿಸಿದಳು. ಹೊರಗೆ ಕರ್ರಗಿನ ಆಕಾಶ, ಗಾಜಿನ ಮೇಲೆ ಧಾರಾಕಾರ ನೀರು, ರಸ್ತೆಯಲ್ಲಿ ಯಾರದೋ ಕಸದ ಡಬ್ಬಿ ಗಾಳಿಗೆ ತಾನೇ ನಡೆದುಕೊಂಡು ಹೋಗುತ್ತಿತ್ತು. ಹದಿನಾಲ್ಕು ವರ್ಷದ ಮೇಲೆ ನಮ್ಮ ವಂಶ ಐರ್ಲೆಂಡಿನ ಶರದೃತುವನ್ನು ಮೊದಲ ಸಲ ನೋಡಿತು.

"ಎಷ್ಟು ವರ್ಷದಿಂದ ಹೀಗೆ ಕಣೋ, ಶೀನ?" ದೊಡ್ಡಮ್ಮ ಕೇಳಿದರು.

ಎಲ್ಲ ಒಪ್ಪಿಕೊಂಡೆ. ಕಮಲದ ಗಡ್ಡೆ ಕೇಳಿದ್ದ ತಂಗಿ ಬಿದ್ದು ಬಿದ್ದು ನಕ್ಕಳು. ದೊಡ್ಡಮ್ಮ ನಗಲಿಲ್ಲ, ಬೈಯಲೂ ಇಲ್ಲ. ಹೋಗಿ ನೋಡಿಕೊಂಡು ಬಾ, ನಿನ್ನ ಪುಟ ಖಾಲಿ ಇರುತ್ತೆ, ನಮಗೆ ಹಸಿವಾಗಿದೆ ಎಂದು ಎಲೆ ಹಾಕಿಸಿಬಿಟ್ಟರು. ಸಂಪ್ರದಾಯ ಮುರಿದು ನನ್ನ ಪದ್ಯಕ್ಕೆ ಮೊದಲೇ ಊಟ ನಡೆದದ್ದು ಅದೇ ಮೊದಲು.

ಅಂದು ಇಳಾಳನ್ನು ಶಾಲೆಗೆ ನಡೆಸಿಕೊಂಡೇ ಹೋದೆ, ಫೋನು ಮನೆಯಲ್ಲೇ ಬಿಟ್ಟು. ಆಹಾ, ಏನೆಲ್ಲ ಇತ್ತು ದಾರಿಯಲ್ಲಿ! ರೇಸ್‌ಕೋರ್ಸಿನ ಕಡೆಯ ಹೊಲದಲ್ಲಿ ಕುದುರೆಗೆ ಕೋಟು ಹಾಕಿದ್ದರು. ನನಗೆ ಕೂಗಿಕೊಳ್ಳುವಷ್ಟು ಸಂತೋಷವಾಯಿತು. ಹದಿನಾಲ್ಕು ವರ್ಷದಿಂದ ಈ ಕುದುರೆಗಳು ಕೋಟು ಹಾಕಿಕೊಳ್ಳುತ್ತಿದ್ದವೇ? ಹಾಕಿಕೊಳ್ಳುತ್ತಿದ್ದವಂತೆ, ಇಳಾ ಹೇಳಿದಳು. ಸಂಜೆ ಕೂತು ಎರಡು ಸಾಲು ಬರೆದೆ:

ಮಳೆಗೆ ಕುದುರೆಗೂ ಉಂಟು ಕೋಟು,
ನನಗೋ ಕನ್ನಡಕದ ತುಂಬ ನೀರು.

ಮೂರನೆಯ ಸಾಲಿಗೆ, ಶಾಲೆಯ ಗೋಡೆಯ ಮೇಲೆ ಕೂತಿದ್ದ ಕೆಂಪೆದೆಯ ಪುಟ್ಟ ಹಕ್ಕಿಯನ್ನು ತಂದೆ. ಬಹಳ ಚೆನ್ನಾಗಿ ಬಂದಿತ್ತು. ಮಗಳನ್ನು ಕರೆದು ಓದಿದೆ. ಇಳಾ ಎರಡು ಸಾಲಿಗೆ ತಲೆದೂಗಿ ಮೂರನೆಯದಕ್ಕೆ ಕೈ ಅಡ್ಡ ಹಿಡಿದಳು.

"ಅಪ್ಪ, ಅದನ್ನ ನೋಡಿದ್ದು ನಾನು. ನೀನು ಕನ್ನಡಕ ಒರೆಸ್ತಿದ್ದೆ."

ಆ ಸಾಲನ್ನು ಹೊಡೆದುಹಾಕಿದೆ. ಅಷ್ಟು ಸಂತೋಷದಿಂದ ನಾನು ಯಾವ ಸಾಲನ್ನೂ ಬರೆದಿರಲಿಲ್ಲ.