ಸುಂಕದ ಹುಬರ್ಟ್ ಕಾದ ಕಾನೂನು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು ಎಂಬುದನ್ನು ನಮ್ಮ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೀದಿಯ ಆ ತುದಿ ಬೆಲ್ಜಿಯಂ, ಈ ತುದಿ ಜರ್ಮನಿ, ನಡುವೆ ಕೆಂಪು ಬಿಳಿ ಪಟ್ಟೆಯ ಅಡ್ಡಗಂಬ. ಅದರ ಪಕ್ಕದಲ್ಲೇ ನನ್ನ ಬಿಯರ್ ಅಂಗಡಿ. ಆ ಕಂಬವನ್ನು ಏರಿಸುತ್ತ ಇಳಿಸುತ್ತ ಆಯುಷ್ಯ ಸವೆಸಿದ ಹುಬರ್ಟನನ್ನು ಮೊನ್ನೆ ಮಣ್ಣಿಗಿಟ್ಟು ಬಂದೆವು. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಚರ್ಚಿನ ಹಿಂದಿನ ಮನೆಯಲ್ಲಿ ಒಬ್ಬಳು ತಂಗಿ ಇದ್ದಳು, ಕಟ್ರಿನ್. ಅವಳ ಬಾಗಿಲು ತನಗೆ ಇನ್ನೊಮ್ಮೆ ತೆರೆಯಬೇಕು, ಅಷ್ಟೇ ಅವನ ಆಸೆ.

ಯುದ್ಧ ಮುಗಿದ ಹೊಸತರಲ್ಲಿ ನಮ್ಮ ಕಡೆ ಕಾಫಿಬೀಜಕ್ಕೆ ಬೆನ್ನು ಮುರಿಯುವ ಸುಂಕ, ಆಚೆ ಕಡೆ ಅಗ್ಗ. ಕದ್ದು ತರದವರೇ ಇರಲಿಲ್ಲ. ಹೆಂಗಸರು ಲಂಗದೊಳಗೆ ಕಟ್ಟಿಕೊಂಡು ತರುತ್ತಿದ್ದರು. ಚರ್ಚಿನ ಹೊಸ ಗಂಟೆಗೆ ಕಾಣಿಕೆ ಎಲ್ಲಿಂದ ಬಂತೆಂದು ಪಾದ್ರಿಗಳೂ ಕೇಳಲಿಲ್ಲ. ಊರಿನ ಹುಡುಗರೇ ಸುಂಕದ ಕೆಲಸಕ್ಕೆ ಸೇರಿದ್ದರಿಂದ ಒಂದು ವಾಡಿಕೆ ತಾನಾಗಿ ಬೆಳೆದಿತ್ತು. ಕಾಡಿನಲ್ಲಿ ತಮ್ಮವರೇ ಮೂಟೆ ಹೊತ್ತು ಎದುರಾದರೆ, ಬೆನ್ನು ತಿರುಗಿಸಿ ನಿಂತು ನಿಧಾನವಾಗಿ ತಂಬಾಕಿನ ಪೈಪು ಹಚ್ಚುವುದು. ಪೈಪು ಹತ್ತುವಷ್ಟರಲ್ಲಿ ಮೂಟೆ ಮರೆಯಾಗಿರುತ್ತಿತ್ತು.

ಮಂಜು ಕವಿದ ಒಂದು ಬೆಳಿಗ್ಗೆ ಹುಬರ್ಟನಿಗೆ ಎದುರಾದವನು ಕಟ್ರಿನ್‌ಳ ಗಂಡ ಮಟ್ಟೆಸ್. ಹುಬರ್ಟನ ಜೇಬಿನಲ್ಲೂ ಪೈಪು ಇತ್ತು. ಅವನು ಅದನ್ನು ಮುಟ್ಟಲಿಲ್ಲ. ತಂಗಿಯ ಗಂಡನನ್ನೇ ಹಿಡಿದು ಠಾಣೆಗೆ ಒಪ್ಪಿಸಿದ. ಜೈಲಿನ ಥಂಡಿಯಲ್ಲಿ ಎದೆ ಕೆಡಿಸಿಕೊಂಡು ಬಂದ ಮಟ್ಟೆಸ್ ಮುಂದಿನ ಚಳಿಗಾಲ ಕಾಣಲಿಲ್ಲ. ಹುಬರ್ಟ್ ಗೋರಿಯ ಹತ್ತಿರ ಟೋಪಿ ತೆಗೆದು ನಿಂತಾಗ ಕಟ್ರಿನ್ ಎಲ್ಲರ ಮುಂದೆ ಹೇಳಿದಳು:

“ಇವರ ಹತ್ರ ಈಗ ಏನೂ ಸಿಗಲ್ಲಣ್ಣ. ಬೇಕಿದ್ರೆ ಪೆಟ್ಟಿಗೆ ಬಿಚ್ಚಿ ನೋಡು.”

ಅದೇ ಕೊನೆ, ಅವಳು ಅವನೊಡನೆ ಮಾತು ಬಿಟ್ಟಳು.

“ಹೋಗಿ ತಪ್ಪಾಯ್ತು ಅಂತ ಹೇಳು ಮಾರಾಯ,” ಎಂದು ನಾನು ಅದೆಷ್ಟು ಸಲ ಹೇಳಿದೆನೋ.

“ಏನಂತ ಹೇಳ್ಲಿ ಲೀಸಾ? ತಪ್ಪು ಮಾಡಿದ್ದು ಅವನು. ನಾನು ಕಾನೂನು ಬಿಟ್ಟು ಒಂದು ಹೆಜ್ಜೆ ಇಟ್ಟಿಲ್ಲ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಆದರೆ ಅದೇ ಮನುಷ್ಯ ಚರ್ಚಿಗೆ ಹೋಗುವಾಗ ತಂಗಿಯ ಮನೆಯ ಮುಂದೆ ನಡಿಗೆ ನಿಧಾನ ಮಾಡುತ್ತಿದ್ದ.

ಆಮೇಲೆ ರೋಮಿನಲ್ಲಿ ಆರು ದೇಶದವರು ಸೇರಿ ಒಪ್ಪಂದಕ್ಕೆ ರುಜು ಹಾಕಿದರು. ಹುಬರ್ಟ್ ಪತ್ರಿಕೆ ಹಿಡಿದು ನನ್ನ ಅಂಗಡಿಗೆ ಬಂದ. ಅಷ್ಟು ವರ್ಷದಲ್ಲಿ ಅವನ ಮುಖದಲ್ಲಿ ಗೆಲುವು ಕಂಡದ್ದು ಅವತ್ತೇ.

“ಸದಸ್ಯ ದೇಶಗಳ ನಡುವೆ ಸುಂಕ ಇರಕೂಡದು ಅಂತ ಬರ್ದಿದಾರೆ. ಈ ಕಂಬ ಇವತ್ತಲ್ಲ ನಾಳೆ ಹೋಗುತ್ತೆ. ಕಾನೂನೇ ಇಲ್ಲ ಅಂದ್ಮೇಲೆ ನಮ್ಮಿಬ್ಬರ ನಡುವೆ ಏನಿರುತ್ತೆ ಹೇಳು. ಅವತ್ತು ನಾನೇ ಹೋಗಿ ಮಾತಾಡಿಸ್ತೀನಿ.”

“ನಿನ್ನ ತಂಗೀನೂ ರುಜು ಹಾಕಿದಾಳಾ?” ಎಂದೆ. ಅಂಗಡಿಯೆಲ್ಲ ನಕ್ಕಿತು. ಅವನು ನಗಲಿಲ್ಲ.

ಸುಂಕ ಹೋಯಿತು, ಆದರೆ ಕಂಬ ಉಳಿಯಿತು. ಕಾಗದ ನೋಡಬೇಕು, ತೆರಿಗೆ ನೋಡಬೇಕು, ಲಾರಿ ಬಿಚ್ಚಿ ನೋಡಬೇಕು. ಹೊಸ ದೇಶಗಳು ಸೇರಿದವು, ಹೊಸ ಒಪ್ಪಂದಗಳು ಬಂದವು. ಪ್ರತಿಯೊಂದನ್ನೂ ಅವನು ಜಪಮಾಲೆಯ ಹಾಗೆ ಬಾಯಿಪಾಠ ಮಾಡಿದ. ಕುಡಿಯಲು ಬಂದವರಿಗೆ ಅದೊಂದು ತಮಾಷೆ.

“ಹುಬರ್ಟಣ್ಣ, ಕಟ್ರಿನ್ ಎಷ್ಟನೇ ಕಲಮಿನಲ್ಲಿ ಬರ್ತಾಳೆ?”

“ಮುಂದಿನ ಒಪ್ಪಂದದಲ್ಲಿ,” ಎನ್ನುತ್ತಿದ್ದ, ತಮಾಷೆ ಎಂದು ಗೊತ್ತಿಲ್ಲದವನ ಹಾಗೆ. ತಲೆ ಬೆಳ್ಳಗಾಯಿತು, ಕೆಲಸದಿಂದ ನಿವೃತ್ತನೂ ಆದ. ತಂಗಿಯ ಮನೆ ಕೂಗಳತೆಯಲ್ಲಿತ್ತು. ಅವನು ಕಾದದ್ದು ದೂರದ ಊರುಗಳ ರುಜುಗಳಿಗೆ. ಇಂಥ ಮೊಂಡನನ್ನು ನಾನು ಬೇರೆ ಕಂಡಿಲ್ಲ.

ಕೊನೆಗೊಂದು ಹೊಸ ವರ್ಷದ ಹೊತ್ತಿಗೆ ಸರಕಿನ ತಪಾಸಣೆ ನಿಂತಿತು. ಕಂಬವನ್ನು ಬುಡಕ್ಕೆ ಕೊಯ್ದು ಲಾರಿಗೆ ಹಾಕಿದರು. ಅವತ್ತೇ ಮಧ್ಯಾಹ್ನ ಹುಬರ್ಟ್ ಭಾನುವಾರದ ಕೋಟು ತೊಟ್ಟು ಬಂದ. ಕೈಯಲ್ಲಿ ಆಚೆ ಕಡೆಯಿಂದ ತಂದ ಕಾಫಿಪುಡಿಯ ಪೊಟ್ಟಣ.

“ನೀನೂ ಬಾ ಲೀಸಾ. ಒಬ್ಬನೇ ಹೋಗೋಕೆ ಕಾಲು ಬರ್ತಿಲ್ಲ.”

ಕಾಫಿ ಬೇಡ, ಹೂವು ಒಯ್ಯಿ ಎಂದೆ. ಕೇಳಲಿಲ್ಲ. ಕದ ತಟ್ಟಿದಾಗ ಕಟ್ರಿನ್ ಬಂದಳು, ಕೋಲೂರಿಕೊಂಡು. ನೋಡಿದಳು, ಕದ ಹಾಕಲಿಲ್ಲ.

“ಕಂಬ ತೆಗೆದ್ರು ಕಟ್ರಿನ್. ಇದನ್ನ ಆಚೆಯಿಂದ ಕೈಯಲ್ಲೇ ಹಿಡ್ಕೊಂಡು ಬಂದೆ. ಯಾರೂ ತಡೀಲಿಲ್ಲ. ಈಗ ಹನ್ನೆರಡು ದೇಶಕ್ಕೂ ಒಂದೇ ಕಾನೂನು.”

ಅವಳು ಪೊಟ್ಟಣವನ್ನೇ ನೋಡುತ್ತ ನಿಂತಳು. ಕಣ್ಣು ತುಂಬಿ ಬಂತು. ಬಾಗಿಲಿಂದ ಅರ್ಧ ಪಕ್ಕಕ್ಕೆ ಸರಿದಳು. ನನ್ನ ಎದೆ ಹಗುರವಾಯಿತು.

“ಹಾಗಾದ್ರೆ ಅದು ತಪ್ಪಲ್ಲ ಅಂತ ಆಯ್ತಾ ಅಣ್ಣಾ? ನನ್ನ ಮಟ್ಟೆಸ್ ಮಾಡಿದ್ದೂ ತಪ್ಪಲ್ಲ ಅಂತ ಆಯ್ತಾ?”

ಅದು ಚುಚ್ಚುಮಾತಲ್ಲ. ಬೇಡಿಕೊಳ್ಳುವ ದನಿ. ನಾನು ಹಿಂದಿನಿಂದ ಅವನ ಕೋಟು ಜಗ್ಗಿದೆ. ಹೌದು ಎನ್ನು, ಪಾಪಿ, ಹೌದು ಎನ್ನು. ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. ಒಪ್ಪಂದಗಳನ್ನೆಲ್ಲ ಒಂದೊಂದಾಗಿ ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದಾನೆಂದು ನನಗೆ ಗೊತ್ತಾಗುತ್ತಿತ್ತು.

“ಇಲ್ಲ,” ಎಂದ. “ಜಾರಿಗೆ ಬಂದ ಮೇಲಿನದಕ್ಕೆ ಮಾತ್ರ ಅದು. ಹಿಂದಿನದಕ್ಕೆ ಅನ್ವಯಿಸಲ್ಲ. ಅವತ್ತು ಅದು ಅಪರಾಧಾನೇ.”

ಕಟ್ರಿನ್ ತಲೆಯಾಡಿಸಿದಳು. ಸಿಟ್ಟಿನ ಸುಳಿವೂ ಇರಲಿಲ್ಲ, ದಣಿದವಳಂತೆ ಕಂಡಳು. ಕದ ಮೆಲ್ಲಗೆ ಮುಚ್ಚಿತು, ಒಳಗಿನಿಂದ ಅಗುಳಿ ಬಿತ್ತು.

ಅವನು ಪೊಟ್ಟಣ ಹಿಡಿದುಕೊಂಡು ಮೆಟ್ಟಿಲ ಮೇಲೇ ನಿಂತಿದ್ದ. ಆಮೇಲೆ ನನ್ನತ್ತ ತಿರುಗಿದ.

“ನಾನು ಹೇಳಿದ್ರಲ್ಲಿ ಏನಾದ್ರೂ ತಪ್ಪಿತ್ತಾ ಲೀಸಾ?”

ಅಳು ಬರುತ್ತಿತ್ತು, ಎರಡು ಬಾರಿಸಬೇಕು ಅಂತಲೂ ಅನ್ನಿಸುತ್ತಿತ್ತು.

“ಇಲ್ಲ ಹುಬರ್ಟಣ್ಣ,” ಎಂದೆ. “ಒಂದಕ್ಷರವೂ ತಪ್ಪಿರಲಿಲ್ಲ.”