ಆವಲಪ್ಪ ಕಂಡ ಮದ್ರಾಸು

ಮುಳಬಾಗಿಲಿನಿಂದ ಪೂರ್ವಕ್ಕೆ ಹೋಗುವ ರಸ್ತೆಯಲ್ಲಿ ನಂಗಲಿ ದಾಟಿದರೆ ಮೈಸೂರು ಸೀಮೆ ಮುಗಿದು ಮದ್ರಾಸು ಸೀಮೆ ಶುರುವಾಗುತ್ತಿತ್ತು. ಅಲ್ಲೊಂದು ಸುಂಕದ ಚೌಕಿ, ಅದರ ಮುಂದೆ ರಸ್ತೆಗೆ ಅಡ್ಡಲಾಗಿ ಒಂದು ಮರದ ತೊಲೆ. ಬಂದ ಗಾಡಿಗಳಿಗೆ ಆ ತೊಲೆ ಎತ್ತುವುದು, ಹೋದ ಮೇಲೆ ಇಳಿಸುವುದು ಆವಲಪ್ಪನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದ. ಮದುವೆಯಾದ ನಾಲ್ಕನೆಯ ವರ್ಷ ಪ್ಲೇಗು ಬಂದು ಹೆಂಡತಿ ಮುತ್ಯಾಲಮ್ಮ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಚೌಕಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಮುದ್ದೆ ಮಾಡಿಕೊಂಡು, ಒಬ್ಬನೇ ಉಂಡು ಮಲಗುತ್ತಿದ್ದ.

ಗಾಡಿ ತಪಾಸಣೆ ಮುಗಿಯುವವರೆಗೆ ಹೊತ್ತು ಹೋಗಬೇಕಲ್ಲ, ಮದ್ರಾಸಿನಿಂದ ಬಂದವರು ಇಳಿದು ನಿಂತು ಅವನ ಜೊತೆ ಮಾತಾಡುತ್ತಿದ್ದರು. ಟ್ರಾಮಿನಲ್ಲಿ ಈ ತುದಿಯಿಂದ ಆ ತುದಿಗೆ ಸುಮ್ಮನೆ ಕೂತು ಹೋಗಬೇಕು ಕಣಯ್ಯ ಎಂದು ಒಬ್ಬರು ಹೇಳಿದರೆ, ನಾಲ್ಕು ಗಂಟೆಗೆ ಸಿಂಹಕ್ಕೆ ಮಾಂಸ ಹಾಕುತ್ತಾರೆ, ಅದನ್ನು ನೋಡದೆ ಬರಬಾರದು ಎಂದು ಇನ್ನೊಬ್ಬರು. ಮ್ಯೂಸಿಯಮ್ಮಿನಲ್ಲಿ ಮನೆಯಷ್ಟು ದೊಡ್ಡ ಮೀನಿನ ಮೂಳೆ ಇದೆಯಂತೆ. ಸಂಜೆ ಸಮುದ್ರದ ಮರಳಲ್ಲಿ ಕೂತು ಬಿಸಿ ಕಡಲೆ ಉಸಲಿ, ಅವರ ಮಾತಿನಲ್ಲಿ ಸುಂಡಲು, ತಿನ್ನಬೇಕಂತೆ. ಆವಲಪ್ಪ ಎಲ್ಲವನ್ನೂ ನೆನಪಿಟ್ಟುಕೊಂಡ. ಆದರೆ ಹೋಗಿರಲಿಲ್ಲ. ಒಬ್ಬನೇ ಹೋಗಿ ಏನು ನೋಡುವುದು ಎಂದು ಪ್ರತಿ ವರ್ಷ ಸುಮ್ಮನಾಗುತ್ತಿದ್ದ.

ನಲವತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ರಸ್ತೆಯ ತುಂಬ ಮದ್ರಾಸಿನ ಜನ. ಜಪಾನಿನವರು ಬಾಂಬು ಹಾಕುತ್ತಾರೆಂದು ಹೆದರಿ ಹೆಂಗಸರು, ಮಕ್ಕಳು, ಹಾಸಿಗೆ, ಹೊಲಿಗೆ ಮಿಷಿನ್ನು, ಗಿಣಿಯ ಪಂಜರ ಎಲ್ಲವನ್ನೂ ಲಾರಿಗಳಲ್ಲಿ ತುಂಬಿಕೊಂಡು ಬರುತ್ತಿದ್ದರು. ಆವಲಪ್ಪನ ಜೊತೆ ಮಾತಿಗೆ ನಿಲ್ಲುವವರು ಯಾರೂ ಇಲ್ಲ. ವಾಪಸು ಹೋಗುವ ಲಾರಿಗಳು ಮಾತ್ರ ಖಾಲಿ.

ಮುಳಬಾಗಿಲಿನ ಲಾರಿ ಡ್ರೈವರು ಚನ್ನರಾಯಪ್ಪ ಒಂದು ಸಂಜೆ ಗೇಟಿನಲ್ಲಿ ಟೀ ಕುಡಿಯುತ್ತ ಕೇಳಿದ, "ಆವಲಣ್ಣ, ನಾಳೆ ಬೆಳಗಿನ ಜಾವಕ್ಕೆ ಖಾಲಿ ಗಾಡಿ ಹೊಡ್ಕೊಂಡು ಹೋಗ್ತಿದೀನಿ. ಮಾರನೇ ದಿನ ವಾಪಸು. ಬರ್ತೀಯಾ?"

"ಎಲ್ಲಾರೂ ಓಡಿ ಬರ್ತಾ ಇರೋವಾಗ ನಾನು ಹೋಗೋದಾ?"

"ಅದಕ್ಕೇ ಕೇಳ್ದೆ. ನಂಗೂ ಒಬ್ನೇ ಹೋಗೋಕೆ ಬೇಜಾರು."

"ಬರ್ತೀನಿ ಬಿಡು. ನನ್ನ ದಾರಿ ಕಾಯೋರು ಯಾರಿದಾರೆ?" ಎಂದ ಆವಲಪ್ಪ.

ಎರಡು ದಿನದ ರಜೆ ಹಾಕಿ, ತೊಲೆಯನ್ನು ಜೊತೆಗಾರ ದೊಡ್ಡಮುನಿಯಪ್ಪನಿಗೆ ಒಪ್ಪಿಸಿ, ಒಗೆದಿಟ್ಟ ಪಂಚೆಯುಟ್ಟು ಹೊರಟ. ಮಧ್ಯಾಹ್ನದ ಹೊತ್ತಿಗೆ ಲಾರಿ ಮದ್ರಾಸು ಸೇರಿತು. ಚನ್ನರಾಯಪ್ಪ ಮಲಗಲು ಹೋದ. ಆವಲಪ್ಪ ಕೇಳಿಕೊಂಡು ಕೇಳಿಕೊಂಡು ಮೃಗಾಲಯಕ್ಕೆ ನಡೆದ. ದಾರಿಯುದ್ದಕ್ಕೂ ಬೀಗ ಬಿದ್ದ ಮನೆಗಳು. ಒಂದು ಜಗುಲಿಯ ಮೇಲೆ ನಾಯಿಯೊಂದು ಬಾಗಿಲಿಗೆ ಮೂತಿಯಿಟ್ಟು ಮಲಗಿತ್ತು.

ಸಿಂಹದ ಬೋನು ತೆರೆದಿತ್ತು. ಒಳಗೆ ಹುಲ್ಲು ಮಾತ್ರ. ಗುಡಿಸುತ್ತಿದ್ದ ಮುದುಕನನ್ನು ಕೇಳಿದರೆ, ಬಾಂಬು ಬಿದ್ದು ಬೋನು ಮುರಿದರೆ ಊರಿಗೆ ನುಗ್ಗುತ್ತವೆಂದು ಹುಲಿ ಸಿಂಹಗಳನ್ನೆಲ್ಲ ಗುಂಡಿಟ್ಟು ಕೊಂದರು ಎಂದ. ನಾಲ್ಕು ಗಂಟೆ ಹೊಡೆಯಿತು. ಆವಲಪ್ಪ ಕಂಬಿ ಹಿಡಿದು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಮ್ಯೂಸಿಯಮ್ಮಿಗೆ ಹೋದರೆ ಅಲ್ಲಿಯೂ ಬೀಗ.

ಕೊನೆಗೆ ಎದುರಿಗೆ ಬಂದ ಟ್ರಾಮು ಹತ್ತಿದ. ಅದರಲ್ಲಿ ಒಬ್ಬರೂ ಇರಲಿಲ್ಲ. ಖಾಕಿ ಕೋಟಿನ ಕಂಡಕ್ಟರು ಹತ್ತಿರ ಬಂದು ಮೊದಲು ತಮಿಳಿನಲ್ಲಿ, ಆಮೇಲೆ ಇವನ ಮುಖ ನೋಡಿ ತೆಲುಗಿನಲ್ಲಿ, "ಎಕ್ಕಡಿಕಣ್ಣಾ?" ಎಂದ.

ಎಲ್ಲಿಗೆ ಎಂದು ಆವಲಪ್ಪನಿಗೂ ಗೊತ್ತಿರಲಿಲ್ಲ. "ಕೊನೇವರೆಗೂ," ಎಂದ, ತನ್ನ ಗಡಿಸೀಮೆಯ ತೆಲುಗಿನಲ್ಲಿ.

ಕಂಡಕ್ಟರನ ಹೆಸರು ಕದಿರೇಶ. ಇಷ್ಟೊಂದು ಸೀಟು ಖಾಲಿಯಿದ್ದರೂ ಬಂದು ಪಕ್ಕದಲ್ಲೇ ಕೂತ. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಹತ್ತು ದಿನವಾಯಿತು, ತನಗೆ ರಜೆ ಸಿಗಲಿಲ್ಲ ಎಂದ. ಆಮೇಲೆ ದಾರಿಯುದ್ದಕ್ಕೂ ಕೈ ತೋರಿಸುತ್ತ ಹೋದ. ಅದು ಸಾಯಂಕಾಲ ನಾದಸ್ವರ ಕೇಳಿಸುವ ಗುಡಿ, ಇದು ತುಪ್ಪದ ದೋಸೆಗೆ ಜನ ಸಾಲು ನಿಲ್ಲುವ ಹೋಟೆಲು, ಇಲ್ಲಿ ಹೂವಿನವರ ಗಲಾಟೆಗೆ ಟ್ರಾಮಿನ ಗಂಟೆಯೇ ಕೇಳಿಸುತ್ತಿರಲಿಲ್ಲ ಎಂದು ಹೇಳುತ್ತಿದ್ದ. ಆವಲಪ್ಪ ನೋಡಿದಲ್ಲೆಲ್ಲ ಮುಚ್ಚಿದ ಕದ.

"ಸಮುದ್ರಾನೂ ಮುಚ್ಬಿಟ್ಟಿದಾರಾ?" ಎಂದು ಕೇಳಿದ.

"ಅದನ್ನ ಮುಚ್ಚೋಕಾಗಲ್ಲ ಅಣ್ಣಾ. ಇದೇ ನನ್ನ ಕೊನೇ ಟ್ರಿಪ್ಪು. ಇರು, ನಾನೂ ಬರ್ತೀನಿ."

ದೊಡ್ಡ ಬೀಚಿನ ಹತ್ತಿರ ಯಾರನ್ನೂ ಬಿಡದೆ ಸಿಪಾಯಿಗಳು ಕಾವಲಿದ್ದರು. ಕದಿರೇಶ ಬೆಸ್ತರ ಗುಡಿಸಲುಗಳ ನಡುವಿನ ದಾರಿಯಲ್ಲಿ ಕರೆದುಕೊಂಡು ಹೋದ. ಗುಡಿಸಲು ದಾಟಿದ್ದೇ ಆವಲಪ್ಪ ನಿಂತುಬಿಟ್ಟ. ಅದುವರೆಗೆ ಅವನು ಕಂಡ ದೊಡ್ಡ ನೀರೆಂದರೆ ಊರ ಕೆರೆ.

"ಇದರ ಕೋಡಿ ಯಾವ ಕಡೆ?" ಎಂದ.

ಕದಿರೇಶ ಹೊಟ್ಟೆ ಹಿಡಿದು ನಕ್ಕ. ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಈ ಹತ್ತು ದಿನದಲ್ಲಿ ನಕ್ಕೇ ಇರ್ಲಿಲ್ಲ," ಎಂದ. ಸುಂಡಲು ಮಾರುವವರು ಯಾರೂ ಇರಲಿಲ್ಲ. ತನ್ನ ಡಬ್ಬಿಯ ಮೊಸರನ್ನವನ್ನು ಮುಚ್ಚಳಕ್ಕೆ ಅರ್ಧ ಹಾಕಿ ಕೊಟ್ಟ. ಇಬ್ಬರೂ ಮರಳಲ್ಲಿ ಕೂತು ತಿಂದರು. ಇನ್ನೊಬ್ಬರು ಬಡಿಸಿದ ಅನ್ನ ಉಂಡು ಆವಲಪ್ಪನಿಗೆ ಬಹಳ ಕಾಲವಾಗಿತ್ತು. ಗಾಳಿ ಬೀಸುತ್ತಿತ್ತು. ಕತ್ತಲಾಗುವ ಮುಂಚೆ ಎದ್ದು, ಲಾರಿಯವರೆಗೂ ಬಂದು ಬಿಟ್ಟು, "ಊರು ತುಂಬಿದ ಮೇಲೆ ಬಾರಣ್ಣಾ, ಆಗ ನೋಡೋಕೆ ಚಂದ," ಎಂದು ಹೇಳಿ ಕದಿರೇಶ ಹೋದ.

ಯುದ್ಧ ಮುಗಿದ ಮೇಲೆ ಆವಲಪ್ಪ ಮತ್ತೆ ಹೋದ, ಈ ಸಲ ರೈಲಿನಲ್ಲಿ. ಊರು ತುಂಬಿತ್ತು. ಮನೆಯಷ್ಟು ದೊಡ್ಡ ಮೀನಿನ ಮೂಳೆ ನೋಡಿದ. ಹಿಂದಿನವರು ತಳ್ಳಿದ್ದರಿಂದ ನಿಂತು ನೋಡಲಾಗಲಿಲ್ಲ. ಟ್ರಾಮಿನಲ್ಲಿ ಜೋತುಬಿದ್ದು ಹೋದ. ಟ್ರಾಮು ನಿಲ್ಲುವ ಶೆಡ್ಡಿಗೆ ಹೋಗಿ ಕದಿರೇಶನನ್ನು ವಿಚಾರಿಸಿದ.

"ಯಾವ ಕದಿರೇಶ? ಅದೇ ಹೆಸರಿನೋರು ಐದು ಜನ ಇದ್ರು ಇಲ್ಲಿ. ಅಪ್ಪನ ಹೆಸರು? ಊರು?" ಎಂದ ಅಲ್ಲಿದ್ದ ಗುಮಾಸ್ತ.

ಆವಲಪ್ಪ ಅದೊಂದನ್ನೂ ಕೇಳಿರಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತು, ಬಂದ ಬಂದ ಕಂಡಕ್ಟರುಗಳ ಮುಖವನ್ನೆಲ್ಲ ಸಂಜೆಯವರೆಗೂ ನೋಡಿದ. ನಾಲ್ವರು ಕದಿರೇಶರನ್ನು ಗುಮಾಸ್ತನೇ ಕರೆದು ತೋರಿಸಿದ, ಅವರಲ್ಲಿ ಯಾರೂ ಅವನಲ್ಲ. ಐದನೆಯವನು ಕೆಲಸ ಬಿಟ್ಟು ವರ್ಷವಾಗಿತ್ತು. ಆಮೇಲೆ ಬೀಚಿಗೆ ಹೋಗಿ, ಸಂಸಾರಸಮೇತ ಬಂದವರ ನಡುವೆ ಜಾಗ ಮಾಡಿಕೊಂಡು ಕೂತು ಬಿಸಿ ಸುಂಡಲು ತಿಂದ. ಚೆನ್ನಾಗಿಯೇ ಇತ್ತು. ಎರಡು ದಿನವಿರಬೇಕೆಂದು ಹೋದವನು ಮಾರನೆಯ ಬೆಳಿಗ್ಗೆಯೇ ರೈಲು ಹತ್ತಿದ.

ಕೆಲಸದಿಂದ ನಿವೃತ್ತನಾದ ಮೇಲೆ ಹೋಳೂರಿನಲ್ಲಿ ಅಕ್ಕನ ಮಗಳು ಭಾರತಮ್ಮನ ಮನೆಯಲ್ಲಿ ಉಳಿದ. ಊರಲ್ಲಿ ಯಾರೇ ಮದ್ರಾಸಿಗೆ ಹೊರಟರೂ ಅವನನ್ನು ಕೇಳಿಕೊಂಡು ಹೋಗುತ್ತಿದ್ದರು. ಮ್ಯೂಸಿಯಮ್ಮು, ಸಿಂಹ, ಟ್ರಾಮು, ಸುಂಡಲು ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದ. ಹಾಗೆ ಕೇಳಲು ಬಂದ ಗಂಗುಲಪ್ಪ ಒಮ್ಮೆ, "ಎಷ್ಟು ಸಲ ಹೋಗಿದ್ಯಾ ಮಾವ?" ಎಂದ.

"ಒಂದ್ಸಲ," ಎಂದ ಆವಲಪ್ಪ.

ಭಾರತಮ್ಮ ಒಳಗಿನಿಂದ, "ಎರಡು ಸಲ ಅಲ್ವಾ?" ಎಂದು ಕೇಳಿದಳು. ಅವನು, ಅಲ್ಲಿ ಯಾರಾದರೂ ಜೊತೆಯಾದರೆ ಅವರ ಅಪ್ಪನ ಹೆಸರು, ಊರು ಕೇಳಿಟ್ಟುಕೊಳ್ಳಬೇಕೆಂದು ಗಂಗುಲಪ್ಪನಿಗೆ ಹೇಳಿದ.