ಗೀಟು ಕಾಯುವ ಚೌಡಣ್ಣ

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿರುವ ತಗಡಿನ ಶೆಡ್ಡಿನೊಳಗೆ ಚೌಡಣ್ಣ ಏನು ಕೆಲಸ ಮಾಡುತ್ತಾನೆಂದು ಅವನ ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅದಕ್ಕೆ ಕಾರಣ ಚೌಡಣ್ಣನೇ. ಸಯನೈಡ್ ನೀರಿನಿಂದ ಸೆಲೆನಿಯಂ, ಟೆಲ್ಯೂರಿಯಂ ತೆಗೆಯುತ್ತೇನೆ ಎನ್ನುತ್ತಿದ್ದ. ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿದರೆ ಅಲ್ಲಿಗೇ ಮಾತು ನಿಲ್ಲಿಸುತ್ತಿದ್ದ. ಕುರಿ ಕಾಯುವ ಮನೆಯಲ್ಲಿ ಹುಟ್ಟಿ ಇಂಥ ಹೆಸರುಗಳನ್ನು ದಿನಾ ಬಾಯಲ್ಲಿ ಆಡಿಸುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಕೆಲಸ ಇಷ್ಟು. ಎರಡೂ ಧಾತು ಕರಗಿರುವ ಸಯನೈಡ್ ನೀರಿಗೆ ಎಣ್ಣೆಯಂಥ ದ್ರಾವಕ ಬೆರೆಸಿ ಕಲಕುತ್ತಾರೆ. ಧಾತುಗಳು ನೀರು ಬಿಟ್ಟು ದ್ರಾವಕಕ್ಕೆ ಹತ್ತಿಕೊಳ್ಳುತ್ತವೆ. ಕಲಕುವುದು ನಿಂತ ಮೇಲೆ ದ್ರಾವಕ ಮೇಲೆ, ನೀರು ಕೆಳಗೆ. ತೊಟ್ಟಿಯ ಅಡಿಯ ನಲ್ಲಿ ತಿರುಗಿಸಿ ನೀರು ಹೊರಗೆ ಬಿಡಬೇಕು. ಗಾಜಿನ ಕಿಂಡಿಯಲ್ಲಿ ಎರಡರ ನಡುವಿನ ಗೀಟು ಕೆಳಗಿಳಿದಾಗ ಮುಚ್ಚಬೇಕು. ಆ ಗೀಟಿನ ಸುತ್ತ ಒಂದಿಷ್ಟು ಮಂಕು ಮಡ್ಡಿ ತೇಲುತ್ತದೆ; ಅದು ತಿಳಿಯಾಗುವ ತನಕ ನಲ್ಲಿ ತಿರುಗಿಸುವಂತಿಲ್ಲ. ಚೌಡಣ್ಣನ ಸಾಮ್ರಾಜ್ಯ ಆ ಮಡ್ಡಿ. ಅದು ತಿಳಿಯಾಯಿತೋ ಇಲ್ಲವೋ ಹೇಳಲು ತನ್ನ ಕಣ್ಣೇ ಬೇಕೆಂದು ಮಾಲೀಕ ಪಾಲಾಕ್ಷಪ್ಪನನ್ನು ವರ್ಷಗಟ್ಟಲೆ ನಂಬಿಸಿದ್ದ. ಕಲಿಯಲು ಬಂದವರನ್ನು ಕೈಗವಸು ತೊಳೆಯಲು ಅಟ್ಟುತ್ತಿದ್ದ. ಪಾಲಾಕ್ಷಪ್ಪ ಎಷ್ಟು ಚೆನ್ನಾಗಿ ನಂಬಿದನೆಂದರೆ, ರಜೆ ಕೊಡುವುದನ್ನೇ ಬಿಟ್ಟ. ತಂಗಿಯ ಗೃಹಪ್ರವೇಶಕ್ಕೂ ಹೆಂಡತಿಯ ಪಿತ್ತಕೋಶದ ಆಪರೇಷನ್ನಿಗೂ ಚೌಡಣ್ಣ ಫೋನಿನಲ್ಲೇ ಹಾಜರಾದ.

ಇವತ್ತು ಮಗಳು ಶ್ರುತಿಯ ನಿಶ್ಚಿತಾರ್ಥ, ಚಿಗಟೇರಿಯಲ್ಲಿ, ಗಂಡಿನ ಮನೆಯಲ್ಲಿ. ಹೆಂಡತಿ ಕೊಟ್ರಬಸಮ್ಮ ನೆಂಟರನ್ನು ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟಿದ್ದಳು. ತಾಂಬೂಲ ಬದಲಾಯಿಸಲು ಹುಡುಗಿಯ ಅಪ್ಪ ಇರಬೇಕು, ಮಧ್ಯಾಹ್ನದೊಳಗೆ ಮುಟ್ಟು ಎಂದು ಹೇಳಿಯೇ ಹೋಗಿದ್ದಳು. ಚೌಡಣ್ಣ ಏಪ್ರನ್ನಿನ ಒಳಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟುಕೊಂಡೇ ಬಂದಿದ್ದ.

ರಜೆ ಕೇಳಿದ. ಪಾಲಾಕ್ಷಪ್ಪ ಕಲ್ಲು ಮನುಷ್ಯನೇನಲ್ಲ. ಈಚೆಗೆ ಕೆಲಸಕ್ಕೆ ಸೇರಿದ್ದ ಸಂಗೀತಾಳನ್ನು ಕರೆದು, ಒಂದು ದಿನ ತೊಟ್ಟಿ ನೋಡಿಕೊಳ್ಳುತ್ತೀಯಾ ಎಂದು ಕೇಳಿದ. ಅವಳು ಕಿಂಡಿಯ ಕಡೆ ತಿರುಗಿದಳು.

“ಮಡ್ಡಿ ತಿಳಿ ಆಗಾಮಟ ಕಾಯಾದು. ಗೀಟು ಇಳಿದ್ರ ನಲ್ಲಿ ಬಂದ್ ಮಾಡಾದು. ಅಷ್ಟ ಅಲ್ಲೇನ್ರಿ, ಅಣ್ಣಾ?”

“ಅಷ್ಟ ಏನಲೇ ಚೌಡಾ?” ಎಂದ ಪಾಲಾಕ್ಷಪ್ಪ. “ಹಂಗಿದ್ರ ಈಗ ಹೊಂಡು. ನನ್ ಗಾಡಿ ತಗಂಡು ಹೋಗು.”

ಹೂಂ ಎಂದಿದ್ದರೆ ಸಾಕಿತ್ತು. ಹೂಂ ಅನ್ನಬೇಕೆಂದೇ ಚೌಡಣ್ಣ ಬಾಯಿ ತೆರೆದ. ಆದರೆ ಆ ಒಂದು ಹೂಂಕಾರದಲ್ಲಿ ಇಷ್ಟು ವರ್ಷದ ಚೌಡಣ್ಣ ಪೂರ್ತಿ ಚರಂಡಿಗೆ ಹರಿದುಹೋಗುತ್ತಿದ್ದ.

“ಅಷ್ಟ ಅಂದ್ರ ಹೆಂಗ್ರಿ,” ಎಂದ. “ಸಯನೈಡ್ ಐತ್ರಿ ಇದು. ಕಣ್ಣು ಪಳಗಬೇಕ್ರಿ.”

ಪಾಲಾಕ್ಷಪ್ಪ ಗಾಡಿಯ ಕೀಲಿಯನ್ನು ಮತ್ತೆ ಜೇಬಿಗೆ ಹಾಕಿದ. “ಹಂಗಾದ್ರ ನೀನ ಇರಪ್ಪ. ನನಗ್ಯಾಕ ಬೇಕು ಗಂಡಾಂತರ,” ಎಂದು ಹೊರಟುಹೋದ.

ಚೌಡಣ್ಣ ಕಿಂಡಿಯ ಮುಂದೆ ನಿಂತ. ಏಪ್ರನ್ನಿನ ಒಳಗೆ ಫೋನು ಗುರುಗುಟ್ಟಿತು, ನಿಂತಿತು, ಮತ್ತೆ ಗುರುಗುಟ್ಟಿತು. ಕೈಗವಸು ಬಿಚ್ಚದೆ ಅದನ್ನು ಮುಟ್ಟುವಂತಿರಲಿಲ್ಲ. ಮಡ್ಡಿ ಆಗಲೇ ತಿಳಿಯಾಗಿತ್ತು. ಗೀಟು ಸಣ್ಣ ಮಕ್ಕಳಿಗೂ ಕಾಣುವಷ್ಟು ನೆಟ್ಟಗಿತ್ತು. ಆದರೂ ಅವನು ಹುಬ್ಬು ಗಂಟಿಕ್ಕಿ, ತಲೆ ಒಮ್ಮೆ ಆಚೆ ಒಮ್ಮೆ ಈಚೆ ವಾಲಿಸಿ ನೋಡುತ್ತಲೇ ಇದ್ದ. ಹಿಂದೆ ಸಂಗೀತಾ ನೋಡುತ್ತ ನಿಂತಿದ್ದಳು.